ಗೋವಿಂದ ಪೈಗಳನ್ನು ಗಡಿಕಲ್ಲಾಗಿ ನಿಲ್ಲಿಸಬೇಡಿ

ಇವರಿಗೆ,
ಕೇರಳ ಮತ್ತು ಕರ್ನಾಟಕ ಸರ್ಕಾರಗಳ ಶಿಕ್ಷಣ ಹಾಗೂ ಸಂಸ್ಕೃತಿ ಇಲಾಖೆಗಳ ಮಾನ್ಯ ಸಚಿವರು

ವಿಷಯ: ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಬರಹಗಳು ಓದುಗರಿಗೆ, ಮುಖ್ಯವಾಗಿ ಅವರ ಊರಿನ ಮಕ್ಕಳಿಗೆ, ದೊರೆಯುವಂತೆ ಮಾಡುವ ಬಗ್ಗೆ

ಮಾನ್ಯರೇ,

ಸಾದರ ನಮಸ್ಕಾರಗಳು.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಕನ್ನಡದಲ್ಲಿ ಬರೆಯುವುದರಲ್ಲಿ ವಿಶೇಷವೇನೂ ಇಲ್ಲ. ತಿರುವನಂತಪುರಕ್ಕೂ ಕನ್ನಡದಲ್ಲೇ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಹೇಳಿದೆ. ಆ ಕಾಯ್ದೆಯನ್ನು ಮಾಡಿದವರ ಬಗ್ಗೆ ನನಗೆ ಗೌರವವಿದೆ. ಅದರ ಭರವಸೆಯ ಮೇಲೆಯೇ ಇಬ್ಬರಿಗೂ ಒಂದೇ ಭಾಷೆಯಲ್ಲಿ, ಒಂದೇ ಕಾಗದ ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಮನೆಯಲ್ಲಿ ತುಳು ಮಾತಾಡುತ್ತೇವೆ. ಹೊಸಂಗಡಿ ಪೇಟೆಗೆ ಇಳಿದರೆ ಮೀನಿನವನ ಹತ್ತಿರ ಬ್ಯಾರಿ, ಬಟ್ಟೆ ಅಂಗಡಿಯಲ್ಲಿ ಮಲಯಾಳ, ಕಿರಾಣಿ ಅಂಗಡಿಯಲ್ಲಿ ಕೊಂಕಣಿ ಕಿವಿಗೆ ಬೀಳುತ್ತದೆ. ಎಲ್ಲದರಲ್ಲೂ ಎರಡು ಮಾತು ಆಡಿ ಬರುತ್ತೇನೆ. ಇದು ನನ್ನೊಬ್ಬನ ಸಾಮರ್ಥ್ಯವಲ್ಲ, ಈ ಊರಲ್ಲಿ ಹುಟ್ಟಿದ ಯಾರಿಗಾದರೂ ಇಷ್ಟು ಬರುತ್ತದೆ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಹೇಳುವ ಮಾತು ಸವೆದು ಹೋಗಿದ್ದರೂ ಸುಳ್ಳಾಗಿಲ್ಲ.

ಈ ನೆಲ ಬೆಳೆಸಿದ ದೊಡ್ಡ ಕವಿಯ ವಿಷಯದಲ್ಲಿ ನನ್ನದೊಂದು ದೂರು ಇದೆ. ಕೆಲವು ಬೇಡಿಕೆಗಳೂ ಇವೆ. ದಯವಿಟ್ಟು ಕೊನೆಯವರೆಗೆ ಓದಬೇಕು.

ಗೋವಿಂದ ಪೈಗಳು 1883ರ ಮಾರ್ಚ್ 23ರಂದು ಹುಟ್ಟಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ. ಶಾಲೆ ಮಂಗಳೂರಿನಲ್ಲಿ, ಕಾಲೇಜು ಮದರಾಸಿನಲ್ಲಿ. ಬಿ.ಎ. ಮುಗಿಯುವ ಹೊತ್ತಿಗೆ ತಂದೆ ತೀರಿಕೊಂಡರು, ಓದು ಅಲ್ಲಿಗೇ ನಿಂತಿತು. ಪದವಿ ಕೈಗೆ ಬರಲಿಲ್ಲ. ಆಮೇಲೆ ಮಂಜೇಶ್ವರದಲ್ಲಿ ಅಜ್ಜನ ಕಡೆಯ ಆಸ್ತಿಯ ಮನೆಯಲ್ಲಿ ನೆಲೆ ನಿಂತು ಅವರು ಮಾಡಿದ್ದು ಓದುವ ಕೆಲಸ, ಬರೆಯುವ ಕೆಲಸ. ವಿಶ್ವವಿದ್ಯಾಲಯದ ಹುದ್ದೆಯಾಗಲಿ, ಸಂಬಳವಾಗಲಿ, ಸಹಾಯಕ್ಕೆ ಗುಮಾಸ್ತನಾಗಲಿ ಇಲ್ಲದೆ ಸಂಸ್ಕೃತ, ಪಾಲಿ, ಬಂಗಾಳಿ, ಪರ್ಷಿಯನ್, ಗ್ರೀಕ್ ಎಂದು ಒಂದೊಂದೇ ಭಾಷೆಯನ್ನು ಮನೆಗೆ ಕರೆದುಕೊಂಡರು. ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳ ಪರಿಚಯ ಅವರಿಗಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಲೆಕ್ಕ ನನಗೆ ಮುಖ್ಯವಲ್ಲ. ಆ ಭಾಷೆಗಳಿಂದ ಅವರು ಏನನ್ನು ತಂದು ಯಾರ ಕೈಗೆ ಇಟ್ಟರು ಎನ್ನುವುದು ಮುಖ್ಯ.

1937ರಲ್ಲಿ ‘ಗೊಲ್ಗೊಥಾ’ ಬಂತು, ಯೇಸುವಿನ ಕಡೆಯ ದಿನದ ಕಾವ್ಯ. 1946ರಲ್ಲಿ ‘ವೈಶಾಖಿ’ ಬಂತು, ಬುದ್ಧನ ಕಡೆಯ ದಿನದ ಕಾವ್ಯ. ದೇವಸ್ಥಾನದ ತೇರು, ಷಷ್ಠಿಯ ಉತ್ಸವಗಳ ನಡುವೆ ಬೆಳೆದ ಗೌಡ ಸಾರಸ್ವತ ಮನೆತನದ ಒಬ್ಬರು, ಮನೆಯಲ್ಲಿ ಕೊಂಕಣಿ ಆಡಿ, ಬೀದಿಯಲ್ಲಿ ತುಳು ಆಡಿ, ರಾತ್ರಿ ಕುಳಿತು ಕನ್ನಡದಲ್ಲಿ ಕ್ರಿಸ್ತನ ಶಿಲುಬೆಯನ್ನು ಬರೆದರು. ಯಾರನ್ನೋ ಮೆಚ್ಚಿಸಲು ಬರೆದ ಸರ್ವಧರ್ಮ ಸಮನ್ವಯದ ಭಾಷಣ ಅದಲ್ಲ. ಶಿಲುಬೆಯ ತೀರ್ಪು ಕೊಟ್ಟ ರೋಮನ್ ಅಧಿಕಾರಿ ಪಿಲಾತನ ಎದುರು ನಿಂತ ಯೇಸುವಿನ ಮೌನವನ್ನು, ಕೂಗುವ ಜನರ ಗದ್ದಲವನ್ನು ಸರಳ ರಗಳೆಯ ನಡಿಗೆಯಲ್ಲಿ ಹಿಡಿದಿಟ್ಟ ಕಾವ್ಯ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ‘ವೈಶಾಖಿ’ಯೇ ನನಗೆ ಹೆಚ್ಚು ಹತ್ತಿರ. ಕುಸಿನಾರದ ಸಾಲವೃಕ್ಷಗಳ ನಡುವೆ ಮುದುಕನೊಬ್ಬ ಮಲಗಿದ್ದಾನೆ, ಸುತ್ತ ಇರುವವರಿಗೆ ಅವನನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಆ ಚಿತ್ರ ನನ್ನ ತಂದೆಯವರು ಹೋದ ವರ್ಷದಿಂದ ನನ್ನ ಜೊತೆಗೇ ಇದೆ. ಆದರೆ ತರಗತಿಯಲ್ಲಿ ಮಕ್ಕಳ ಮನಸ್ಸನ್ನು ಬೇಗ ತಟ್ಟುವುದು ‘ಗೊಲ್ಗೊಥಾ’.

ಒಮ್ಮೆ ಹತ್ತನೇ ತರಗತಿಗೆ ಅದರ ಒಂದು ಭಾಗ ಓದಿ ಹೇಳುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಕೊಂಕಣಿ ಕ್ರೈಸ್ತರ ಮನೆಯ ಒಬ್ಬಳು ಹುಡುಗಿ ಇದ್ದಳು. ಓದು ಮುಗಿದ ಮೇಲೆ ಎದ್ದು ನಿಂತು ಕೇಳಿದಳು:

“ಸರ್, ಇದನ್ನು ಬರೆದವರು ಕ್ರಿಸ್ತಾನರಾ?”

“ಅಲ್ಲ.”

“ಮತ್ತೆ ಅವರಿಗೆ ಇಷ್ಟೆಲ್ಲ ಹೇಗೆ ಗೊತ್ತುಂಟು? ನಮ್ಮ ಅಜ್ಜಿ ಶುಭ ಶುಕ್ರವಾರ ಹೇಳುವ ಹಾಗೆಯೇ ಉಂಟಲ್ಲ?”

ಅವಳ ಅಜ್ಜಿಯ ಭಾಷೆಯೇ ಆ ಕವಿಯ ಮನೆಯ ಭಾಷೆಯೂ ಆಗಿತ್ತು ಎಂದು ಹೇಳಿದೆ. ಅವಳು ನಂಬಲಿಲ್ಲ. ಪುಸ್ತಕ ತೋರಿಸಿ ಎಂದಳು. ನನ್ನ ಕೈಯಲ್ಲಿ ಪುಸ್ತಕ ಇರಲಿಲ್ಲ.

ನನ್ನ ಕೈಯಲ್ಲಿದ್ದದ್ದು ಜೆರಾಕ್ಸ್. ಜೆರಾಕ್ಸಿನ ಜೆರಾಕ್ಸ್. ಎಷ್ಟೋ ವರ್ಷಗಳ ಹಿಂದೆ ಯಾರೋ ಹಿರಿಯ ಅಧ್ಯಾಪಕರು ಎಲ್ಲಿಂದಲೋ ತಂದ ಹಳೆಯ ಪ್ರತಿಯಿಂದ ಮಾಡಿಸಿದ್ದು, ಅದರಿಂದ ನಾನು ಮಾಡಿಸಿದ್ದು, ನನ್ನಿಂದ ಮಕ್ಕಳು ಮಾಡಿಸಿಕೊಂಡದ್ದು. ಪ್ರತಿ ಸಲ ಜೆರಾಕ್ಸ್ ಆಗುವಾಗ ಕನ್ನಡ ಅಕ್ಷರದಲ್ಲಿ ಮೊದಲು ಮಾಯವಾಗುವುದು ಒತ್ತಕ್ಷರ. ಸಾಲಿನ ಅಡಿಯಲ್ಲಿ ಸಣ್ಣದಾಗಿ ಕುಳಿತಿರುತ್ತದೆ ನೋಡಿ, ಮಸಿಯಲ್ಲಿ ಕರಗಿ ಹೋಗುತ್ತದೆ. ಒತ್ತು ಹೋದ ಮೇಲೆ ಮಾತ್ರೆ ಕೆಟ್ಟಿತು, ಮಾತ್ರೆ ಕೆಟ್ಟ ಮೇಲೆ ರಗಳೆಯ ನಡೆ ಕುಂಟಿತು. ಕ್ರಿಸ್ತನ ಸಂಕಟವನ್ನು ಎಳೆ ಎಳೆಯಾಗಿ ನೇಯ್ದ ಸಾಲುಗಳನ್ನು ನನ್ನ ವಿದ್ಯಾರ್ಥಿಗಳು ಮುಗ್ಗರಿಸುತ್ತಾ ಓದಿದ್ದನ್ನು ಕೇಳಿದ್ದೇನೆ. ಹೋದ ಒತ್ತಕ್ಷರಗಳನ್ನು ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ತಿದ್ದಿ ಕೊಟ್ಟಿದ್ದೇನೆ. ನಿವೃತ್ತನಾಗುವ ದಿನ ಆ ಕಟ್ಟನ್ನು ನನ್ನ ನಂತರದವರ ಕೈಗೆ ಒಪ್ಪಿಸಲು ಹೋದೆ. ಆ ಹುದ್ದೆಗೆ ಬರುವವರು ಯಾರೆಂದು ಆಗಲೂ ತೀರ್ಮಾನ ಆಗಿರಲಿಲ್ಲ. ಕಟ್ಟು ಈಗಲೂ ನನ್ನ ಮನೆಯಲ್ಲೇ ಇದೆ.

ಪುಸ್ತಕಕ್ಕಾಗಿ ನಾನು ಹುಡುಕದೆ ಇಲ್ಲ. ಮಂಗಳೂರಿನ ಅಂಗಡಿಗಳಲ್ಲಿ ಕೇಳಿದೆ, ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಅಲ್ಲಿಯೂ ಕೇಳಿದೆ. ಒಂದು ಅಂಗಡಿಯ ಹುಡುಗ ಹೆಸರು ಕೇಳಿದ ಕೂಡಲೇ “ಪ್ರಥಮ ರಾಷ್ಟ್ರಕವಿ, 1949” ಎಂದು ಸರಾಗವಾಗಿ ಹೇಳಿದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದನಂತೆ. ಅವರ ಒಂದು ಕವಿತೆಯಾದರೂ ಗೊತ್ತೇ ಎಂದರೆ ನಾಚಿಕೊಂಡ. ಆ ಹುಡುಗನನ್ನು ನಾನು ದೂರುವುದಿಲ್ಲ. ನಾವು ಅವನಿಗೆ ಕೊಟ್ಟದ್ದೇ ಅಷ್ಟು. ಕರ್ನಾಟಕದ ಮಾನ್ಯ ಸಚಿವರೇ, ಪೈಗಳಿಗೆ ಆ ಬಿರುದು ಕೊಟ್ಟದ್ದು ಮದರಾಸು ಸರ್ಕಾರ. ಆಮೇಲೆ ಕುವೆಂಪು ಅವರಿಗೆ, ಜಿ.ಎಸ್. ಶಿವರುದ್ರಪ್ಪ ಅವರಿಗೆ ಆ ಗೌರವ ಸಂದಿತು. ಆ ಇಬ್ಬರ ಪುಸ್ತಕ ಬೇಕೆಂದರೆ ಅಂಗಡಿಯಲ್ಲಿ ಕೈ ಚಾಚಿದರೆ ಸಿಗುತ್ತದೆ. ಮೊದಲನೆಯವರದು ನನ್ನಂಥವನಿಗೆ ಸಿಗಲಿಲ್ಲ. ಅವರ ಮನೆ ಈಗಿನ ರಾಜ್ಯದ ಗಡಿಯಿಂದ ಕೆಲವೇ ಮೈಲಿ ಆಚೆಗಿದೆ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ.

ಗಡಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಪೈಗಳಿಗೆ ಆಗ 73 ವರ್ಷ. ‘ತಾಯೆ ಬಾರ ಮೊಗವ ತೋರ’ ಎಂದು ಚದುರಿ ಹೋಗಿದ್ದ ಕನ್ನಡಿಗರ ತಾಯಿಯನ್ನು ಕೂಗಿ ಕರೆದ ಕವಿಯ ಮನೆಯೇ, ಕನ್ನಡನಾಡು ಒಂದಾದ ದಿನ ಹೊರಗೆ ಉಳಿಯಿತು. ಐದು ವರ್ಷ ಹಿಂದೆ, 1951ರಲ್ಲಿ, ಮುಂಬಯಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅವರು. ಆ ನೋವನ್ನು ಹೊತ್ತುಕೊಂಡೇ ಏಳು ವರ್ಷ ಅದೇ ಮನೆಯಲ್ಲಿ ಬದುಕಿ 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಗಡಿ ವಿವಾದದ ವಿಚಾರಣೆಗೆ ಮಹಾಜನ ಆಯೋಗ ಬಂದದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದು ಅದು 1967ರಲ್ಲಿ ಹೇಳಿದ್ದು, ಆ ವರದಿ ಹಾಗೆಯೇ ಉಳಿದದ್ದು ಎಲ್ಲವೂ ಆಮೇಲಿನ ಕತೆ. ಆ ವ್ಯಾಜ್ಯವನ್ನು ಬಗೆಹರಿಸಿ ಎಂದು ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. ಅದಕ್ಕಾಗಿ ಹೋರಾಡಿದವರ ಬಗ್ಗೆ, ನೂರು ವರ್ಷ ಬಾಳಿ ಕೊನೆಯವರೆಗೂ ದನಿ ಎತ್ತಿದ ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆ, ನನಗಿರುವ ಭಕ್ತಿ ಹಾಗೆಯೇ ಇದೆ. ಆದರೆ ವ್ಯಾಜ್ಯ ತೀರುವವರೆಗೆ ಕವಿಯನ್ನು ಯಾರೂ ಓದಬಾರದು ಎಂದೇನೂ ಇಲ್ಲವಲ್ಲ.

ನಾನು ಕಣ್ಣಾರೆ ಕಂಡದ್ದು ಇಷ್ಟು. ಕರ್ನಾಟಕದಿಂದ ಬರುವ ಗಣ್ಯರಿಗೆ ಪೈಗಳೆಂದರೆ ಕಳೆದುಕೊಂಡ ನೆಲದ ಗುರುತು. ಹಾರ ಹಾಕುತ್ತಾರೆ, ಕಂಠ ತುಂಬಿ ಮಾತಾಡುತ್ತಾರೆ, ಊಟ ಮಾಡಿ ಕತ್ತಲಾಗುವ ಮೊದಲು ತಲಪಾಡಿಯ ಗಡಿ ದಾಟುತ್ತಾರೆ. ತೆಂಕಣದಿಂದ ಬರುವ ಅಧಿಕಾರಿಗಳಿಗೆ ಅವರು ಒಬ್ಬ ಅಲ್ಪಸಂಖ್ಯಾತ ಕವಿ, ಕಡತದಲ್ಲಿ ಒಂದು ಶೀರ್ಷಿಕೆ. ಇಬ್ಬರೂ ಗೌರವ ಕೊಡುತ್ತಾರೆ, ಅದರಲ್ಲಿ ಕೊರತೆಯಿಲ್ಲ. ಮಂಜೇಶ್ವರದ ಅವರ ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಸ್ಮಾರಕವಾಗಿರುವುದು ಎರಡೂ ರಾಜ್ಯಗಳು ಕೈಜೋಡಿಸಿದ್ದರಿಂದ. ಅವರ ಹೆಸರಿನ ಸರ್ಕಾರಿ ಕಾಲೇಜು ಮಂಜೇಶ್ವರದಲ್ಲಿ 1980ರಿಂದ ನಡೆಯುತ್ತಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ, ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಅಲ್ಲಿಂದ. ಇದನ್ನೆಲ್ಲ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಹೆಸರಿಗೆ ಕಟ್ಟಡ ಸಿಕ್ಕಿತು, ದಾರಿಗೆ ಫಲಕ ಸಿಕ್ಕಿತು. ಸಾಲುಗಳು ಮಾತ್ರ ಮಕ್ಕಳ ಬಾಯಿಗೆ ಬರಲಿಲ್ಲ.

ಕೇರಳದ ಮಾನ್ಯ ಸಚಿವರೇ, ಈಗ ತಮ್ಮ ಕಡೆ ತಿರುಗುತ್ತೇನೆ. ಸಾಲುಗಳು ಮಕ್ಕಳ ಬಾಯಿಗೆ ಬರಬೇಕಾದರೆ ಓದಿ ಹೇಳುವವರು ಬೇಕು. ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬರುವುದು, ಪೋಷಕರು ಶಾಲೆಯ ಗೇಟಿನ ಎದುರು ಕೂರುವುದು, ವಿಷಯ ಕೋರ್ಟಿಗೆ ಹೋಗುವುದು, ಇದೆಲ್ಲ ತಮಗೆ ಗೊತ್ತಿಲ್ಲದ ಸಂಗತಿಯಲ್ಲ. ನಾನು ನೋಡಿದ ಒಂದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ.

ಐದನೇ ತರಗತಿಗೆ ಗಣಿತ ಕಲಿಸಲು ತೆಂಕು ಜಿಲ್ಲೆಯೊಂದರಿಂದ ಒಬ್ಬರು ಎಳೆಯ ಟೀಚರ್ ಬಂದಿದ್ದರು. ಬಹಳ ಶ್ರದ್ಧೆಯವರು. ಬೋರ್ಡಿನ ಮೇಲೆ ಭಾಗಾಕಾರದ ಲೆಕ್ಕ ಬರೆದು ಮಲಯಾಳದಲ್ಲಿ ‘ಹರಣಂ’ ಎಂದರು. ಮಲಯಾಳದಲ್ಲಿ ಭಾಗಾಕಾರಕ್ಕೆ ಅದೇ ಮಾತು, ಅವರದೇನೂ ತಪ್ಪಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿದ್ದ ಹರಣ ಒಂದೇ, ಬಯಲಾಟದಲ್ಲಿ ರಾತ್ರಿ ಎರಡು ಗಂಟೆಗೆ ರಾವಣ ಬಂದು ಮಾಡುವ ಸೀತಾಪಹರಣ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ನೋಡಿ ಬೆಳೆದ ನೆಲ ಇದು. ಮಕ್ಕಳು ಮುಖ ಮುಖ ನೋಡಿಕೊಂಡರು. ಹನ್ನೆರಡನ್ನು ನಾಲ್ಕು ಏಕೆ ಕದ್ದುಕೊಂಡು ಹೋಗಬೇಕು? ಒಬ್ಬ ಹುಡುಗ ಧೈರ್ಯ ಮಾಡಿ ಹನ್ನೆರಡರಿಂದ ನಾಲ್ಕನ್ನು ಕಳೆದು ಎಂಟು ಎಂದು ಬರೆದ. ಕದ್ದರೆ ಕಡಿಮೆಯಾಗಬೇಕಲ್ಲ ಎಂಬುದು ಅವನ ಲೆಕ್ಕ. ಟೀಚರ್ ತಪ್ಪು ಹಾಕಿದರು. ಹುಡುಗನಿಗೆ ಏಕೆ ತಪ್ಪೆಂದು ತಿಳಿಯಲಿಲ್ಲ, ಅವನು ಏಕೆ ಹಾಗೆ ಮಾಡಿದನೆಂದು ಟೀಚರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಟೀಚರ್ ಬುತ್ತಿ ಬಿಚ್ಚದೆ ಒಂದನೇ ತರಗತಿಯ ಕನ್ನಡ ಪುಸ್ತಕ ಇಟ್ಟುಕೊಂಡು ‘ಅ, ಆ’ ತಿದ್ದುತ್ತಿದ್ದರು. ನನ್ನನ್ನು ನೋಡಿ ಪುಸ್ತಕ ಮುಚ್ಚಿದರು. ಕಣ್ಣು ಒದ್ದೆಯಾಗಿತ್ತು. “ಮಾಷೇ, ನನಗೆ ಈ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನೆ ಅನಿಸುತ್ತದೆ” ಎಂದು ಮಲಯಾಳದಲ್ಲಿ ಹೇಳಿದರು. ಆ ದಿನದಿಂದ ಸಂಜೆ ಅರ್ಧ ಗಂಟೆ ಅವರಿಗೆ ಕನ್ನಡ ಹೇಳಿಕೊಟ್ಟೆ. ವರ್ಷ ತುಂಬುವುದರೊಳಗೆ ವರ್ಗಾವಣೆ ಸಿಕ್ಕಿತು, ಹೋದರು. ಅನ್ಯಾಯ ಮಾಡಿದ್ದು ಅವರಲ್ಲ. ಕನ್ನಡ ಬಲ್ಲವರಿಗೆಂದು ಇಟ್ಟ ಹುದ್ದೆಗೆ ಕನ್ನಡ ಬಾರದವರನ್ನು ಕಳಿಸಿದ ವ್ಯವಸ್ಥೆ ಆ ಟೀಚರಿಗೂ ಅನ್ಯಾಯ ಮಾಡಿತು, ಆ ಹುಡುಗನಿಗೂ ಮಾಡಿತು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಹುದ್ದೆಯನ್ನು ಕಾಗದದಲ್ಲಿ ಇಟ್ಟ ಮಾತ್ರಕ್ಕೆ ಆ ಅನುಕೂಲ ಒದಗುವುದಿಲ್ಲ. ಬೋರ್ಡಿನ ಎದುರು ನಿಂತವರ ಬಾಯಿಂದ ಮಗುವಿಗೆ ಅರ್ಥವಾಗುವ ಮಾತು ಬರಬೇಕು.

ಇದಕ್ಕೂ ಪೈಗಳಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಐದನೇ ತರಗತಿಯಲ್ಲಿ ಭಾಗಾಕಾರ ಅರ್ಥವಾಗದ ಮಗುವನ್ನು ಪೋಷಕರು ಆರನೇ ತರಗತಿಗೆ ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮಕ್ಕೆ ಸೇರಿಸುತ್ತಾರೆ. ನಾನೇ ಆ ತಂದೆಯಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಕನ್ನಡ ತರಗತಿಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ, ಮಕ್ಕಳು ಕಡಿಮೆಯೆಂದು ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಹೀಗೆ ಇನ್ನೊಂದು ತಲೆಮಾರು ಕಳೆದರೆ ಗೋವಿಂದ ಪೈಗಳ ಊರಿನಲ್ಲಿ ಗೋವಿಂದ ಪೈಗಳನ್ನು ಓದಬಲ್ಲ ಮಕ್ಕಳು ಇರುವುದಿಲ್ಲ. ಸ್ಮಾರಕದ ಮುಂದೆ ಫೋಟೋ ತೆಗೆಸಿಕೊಳ್ಳುವವರು ಇರುತ್ತಾರೆ.

ಮಲಯಾಳವನ್ನು ನಮ್ಮ ಮಕ್ಕಳು ಕಲಿಯಬಾರದು ಎಂದು ನಾನು ಹೇಳುತ್ತಿಲ್ಲ, ಅದನ್ನು ದಯವಿಟ್ಟು ಗಮನಿಸಬೇಕು. ಮಲಯಾಳ ಚೆನ್ನಾಗಿ ಕಲಿಯಲಿ, ಈ ರಾಜ್ಯದಲ್ಲಿ ಬಾಳಬೇಕಾದವರು ಅವರು. ಪೈಗಳೇ ಮಲಯಾಳ ಬಲ್ಲವರು. ಒಂದು ಭಾಷೆ ಗಟ್ಟಿಯಾಗಿ ಕೈಯಲ್ಲಿದ್ದವರಿಗೆ ಇನ್ನೊಂದು ಬೇಗ ಬರುತ್ತದೆ. ಯಾವುದೂ ಗಟ್ಟಿಯಾಗದ ಮಗು ಎರಡೂ ಕಡೆ ಹೊರಗೆ ನಿಲ್ಲುತ್ತದೆ. ಮೂವತ್ತೊಂದು ವರ್ಷ ನಾನು ನೋಡಿದ್ದು ಅದನ್ನೇ.

ಪೈಗಳು ಹೊರಗಿನಿಂದ ಏನನ್ನೇ ತಂದರೂ ಕಾಲೂರಿ ನಿಂತದ್ದು ಕನ್ನಡದ ಮೇಲೆ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಕಸದ ರಾಶಿಯಿಂದ ಎದ್ದುಬಂದ ಪಪೈರಸ್ಸಿನ ಮೇಲೆ ಒಂದು ಗ್ರೀಕ್ ಪ್ರಹಸನ ಇತ್ತು. ಭಾರತದ ಕರಾವಳಿಯಲ್ಲಿ ಸೆರೆ ಸಿಕ್ಕ ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುವ ಕತೆ. ಅದರಲ್ಲಿ ಇಲ್ಲಿನವರು ಆಡುವ ಮಾತು ಕನ್ನಡವೇ ಎಂದು ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ಸೂಚಿಸಿದ ಮೇಲೆ ಎದ್ದ ಚರ್ಚೆಗೆ ಮಂಜೇಶ್ವರದ ಮನೆಯಿಂದ ಪೈಗಳೂ ದನಿಗೂಡಿಸಿದರು. ಆ ಮಾತುಗಳು ಕನ್ನಡವೋ ಅಲ್ಲವೋ ವಿದ್ವಾಂಸರು ಇವತ್ತಿಗೂ ಒಪ್ಪಿಲ್ಲ. ಒಂದು ಸಣ್ಣ ಊರಿನ ಅಂಚೆಯಲ್ಲಿ ಬರುವ ಪುಸ್ತಕಗಳನ್ನು ನೆಚ್ಚಿಕೊಂಡು ಆ ಮಟ್ಟದ ವಾದಕ್ಕೆ ಇಳಿಯುವ ಆತ್ಮವಿಶ್ವಾಸ ಎಲ್ಲಿಂದ ಬಂತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸುತ್ತಲೇ ಮದನಂತೇಶ್ವರನ ದೇವಸ್ಥಾನ, ಜೈನ ಬಸದಿ, ಇಗರ್ಜಿ. ದೈವದ ಪಾತ್ರಿಗಳು ಉದ್ಯಾವರದ ಮಸೀದಿಗೆ ಹೋಗಿ ಉತ್ಸವಕ್ಕೆ ಕರೆ ಕೊಟ್ಟು ಬರುವ ಸಂಪ್ರದಾಯ. ದೂರದ್ದನ್ನು ಪರಕೀಯ ಎನ್ನದೆ ಬರಮಾಡಿಕೊಳ್ಳುವ ಅಭ್ಯಾಸ ಊರಿನಲ್ಲೇ ಇತ್ತು.

1911ರಲ್ಲಿ, 28ನೇ ವಯಸ್ಸಿನಲ್ಲಿ, ಕನ್ನಡ ಕಾವ್ಯ ಶತಮಾನಗಳಿಂದ ಹೊತ್ತು ತಂದಿದ್ದ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಬಿಡುವುದಾಗಿ ತೀರ್ಮಾನಿಸಿದವರೂ ಇವರೇ. ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆ ಕಟ್ಟನ್ನು ಬಿಚ್ಚಿದ್ದಕ್ಕೆ ಪಂಡಿತರ ಸಿಟ್ಟನ್ನು ಎದುರಿಸಿದರು. ಹಾಗೆ ಪ್ರಾಸ ಬಿಟ್ಟು ಬರೆದ ಮೊದಮೊದಲ ಕವಿತೆಗಳಲ್ಲಿ ಒಂದರ ಹೆಸರು ‘ಹೊಲೆಯನು ಯಾರು?’ ಎಂಬುದನ್ನು ಮರೆಯಬಾರದು. ಹೊಸಗನ್ನಡ ಕವಿತೆ ಇವತ್ತು ಇಷ್ಟು ಸಲೀಸಾಗಿ ಉಸಿರಾಡುತ್ತಿದ್ದರೆ ಅದರಲ್ಲಿ ಈ ಗಡಿಯೂರಿನ ಪಾಲಿದೆ.

ನನ್ನ ಬೇಡಿಕೆಗಳು ದುಬಾರಿಯವಲ್ಲ.

ಕನ್ನಡ ಮಾಧ್ಯಮದ ಹುದ್ದೆಗಳಿಗೆ ನೇಮಕ ಮಾಡುವಾಗ ಪ್ರಮಾಣಪತ್ರ ನೋಡಿ ಸುಮ್ಮನಾಗಬೇಡಿ. ಕನ್ನಡ ಬಲ್ಲ ಪರೀಕ್ಷಕರ ಎದುರು ಅಭ್ಯರ್ಥಿ ಒಂದು ಪುಟ ಓದಲಿ, ಒಂದು ಪಾಠವನ್ನು ಹತ್ತು ನಿಮಿಷ ಕನ್ನಡದಲ್ಲಿ ಮಾಡಿ ತೋರಿಸಲಿ. ಇದು ತಿರುವನಂತಪುರದಿಂದ ಒಂದು ಆದೇಶದಲ್ಲಿ ಆಗುವ ಕೆಲಸ. ಕನ್ನಡ ಬಾರದೆ ಈಗಾಗಲೇ ಬಂದು ಸಿಕ್ಕಿಹಾಕಿಕೊಂಡ ಅಧ್ಯಾಪಕರಿಗೆ ಮನಸ್ಸು ನೋಯದಂತೆ ಬೇರೆ ಕಡೆ ಅವಕಾಶ ಕೊಡಿ, ಅವರೂ ಹರಸುತ್ತಾರೆ.

ಎರಡನೆಯದು ಪುಸ್ತಕದ ಮಾತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಕಳೆದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ಎಲ್ಲರ ಸೊತ್ತಾಗುತ್ತವೆ. ಪೈಗಳು ಹೋದದ್ದು 1963ರಲ್ಲಿ. 2024ರ ಜನವರಿ 1ರಿಂದ ‘ಗೊಲ್ಗೊಥಾ’, ‘ವೈಶಾಖಿ’, ‘ಗಿಳಿವಿಂಡು’ ಕವನ ಸಂಕಲನ ಎಲ್ಲವೂ ಯಾರ ಅನುಮತಿಯ ಹಂಗೂ ಇಲ್ಲದೆ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಪುಸ್ತಕಗಳು. ಎರಡು ಸರ್ಕಾರಗಳು ಸೇರಿ, ಒತ್ತಕ್ಷರ ಒಂದೂ ಬಿಡದಂತೆ ತಿದ್ದಿದ ಪಾಠವನ್ನು ಅಂತರಜಾಲದಲ್ಲಿ ಉಚಿತವಾಗಿ ಇಡಬೇಕು. ಅಗ್ಗದ ಬೆಲೆಯಲ್ಲಿ ಅಚ್ಚೂ ಹಾಕಬೇಕು. ಪೈಗಳ ಭಾಷೆ ಸುಲಭದ್ದಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಹಳಗನ್ನಡದ ಮಾತು, ಸಂಸ್ಕೃತದ ಸಮಾಸ ಸಾಲು ಸಾಲಿಗೂ ಎದುರಾಗುತ್ತವೆ. ಆದ್ದರಿಂದ ಪ್ರತಿ ಪುಟದ ಅಡಿಯಲ್ಲಿ ಪದಗಳ ಅರ್ಥ, ಬೈಬಲಿನ ಮತ್ತು ಬೌದ್ಧ ಕಥೆಗಳ ಸಂದರ್ಭ ಕೊಡುವುದು ಅಗತ್ಯ. ಅದಿಲ್ಲದೆ ಹತ್ತನೇ ತರಗತಿಯ ಮಗುವಾಗಲಿ, ಕಾಲೇಜಿನ ಹುಡುಗನಾಗಲಿ ಒಳಗೆ ಹೋಗಲಾರರು. ಈ ಕೆಲಸಕ್ಕೆ ಬೇಕಾದ ವಿದ್ವಾಂಸರು ಕಾಸರಗೋಡು, ಮಂಗಳೂರು, ಉಡುಪಿಗಳಲ್ಲೇ ಇದ್ದಾರೆ. ಕೇಳುವವರಿಲ್ಲದೆ ಕುಳಿತಿದ್ದಾರೆ.

ಪೈಗಳ ಪುಸ್ತಕ ಸಂಗ್ರಹ ಉಡುಪಿಯಲ್ಲಿದೆ, ಮನೆ ಮಂಜೇಶ್ವರದಲ್ಲಿದೆ. ಪುಸ್ತಕಗಳು ಅಲ್ಲೇ ಭದ್ರವಾಗಿರಲಿ. ಅವುಗಳ ಪುಟಗಳ ಚಿತ್ರಗಳನ್ನು ಮಂಜೇಶ್ವರದ ಮನೆಯಲ್ಲಿ ಕಂಪ್ಯೂಟರಿನ ಎದುರು ಕೂತು ನೋಡುವಂತಾದರೆ, ಒಬ್ಬ ಮನುಷ್ಯ ಒಂದು ಊರಲ್ಲಿ ಕೂತು ಎಷ್ಟು ಓದಬಲ್ಲ ಎಂದು ನಮ್ಮ ಮಕ್ಕಳು ಕಣ್ಣಿಂದ ಕಾಣುತ್ತಾರೆ.

ಇನ್ನೊಂದು ನನ್ನ ಹೃದಯಕ್ಕೆ ತೀರಾ ಹತ್ತಿರದ ಬೇಡಿಕೆ. ‘ಗೊಲ್ಗೊಥಾ’ ಮಲಯಾಳದಲ್ಲಿ ಬರಲಿ, ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಮಲಯಾಳ ಇರುವ ಹಾಗೆ. ಲಕ್ಷಾಂತರ ಕ್ರೈಸ್ತರಿರುವ ಕೇರಳದಲ್ಲಿ, ಅದೇ ರಾಜ್ಯದ ಉತ್ತರದ ತುದಿಯ ಮನೆಯೊಂದರಲ್ಲಿ ಕೊಂಕಣಿ ಮನೆಮಾತಿನ ಹಿಂದೂ ಒಬ್ಬರು ಕ್ರಿಸ್ತನ ಕೊನೆಯ ದಿನವನ್ನು ಕನ್ನಡದಲ್ಲಿ ಕಾವ್ಯವಾಗಿಸಿದ್ದಾರೆ ಎಂಬ ಸಂಗತಿಯನ್ನು ನಾನು ಹೇಳಿದಾಗ ನನ್ನ ಮಲಯಾಳಿ ಸಹೋದ್ಯೋಗಿಗಳು ಆಶ್ಚರ್ಯಪಟ್ಟರು. ಕೋಟ್ಟಯಂ ಕಡೆಯ ಒಬ್ಬರು, ಈಗ ನಿವೃತ್ತರು, ನನ್ನಿಂದ ಸಾಲು ಸಾಲಾಗಿ ಅರ್ಥ ಹೇಳಿಸಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಇದು ನಮಗೆ ಏಕೆ ಯಾರೂ ಹೇಳಲಿಲ್ಲ?” ಎಂದರು. ಕೇರಳ ಸರ್ಕಾರ ಪೈಗಳನ್ನು ತನ್ನ ಕವಿ ಎಂದು ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ತುಳು, ಕೊಂಕಣಿಗಳಿಗೂ ಆ ಕಾವ್ಯ ಬರಲಿ. ಕೊಂಕಣಿಗೆ ಬಂದರೆ ಅದು ಅವರ ತಾಯಿಯ ಭಾಷೆಗೆ ಮರಳಿದ ಹಾಗೆ.

ಕೊನೆಯದಾಗಿ, ಪೈಗಳ ಹುಟ್ಟಿದ ದಿನವಾದ ಮಾರ್ಚ್ 23ರ ಕಾರ್ಯಕ್ರಮದ ಬಗ್ಗೆ. ಭಾಷಣ ಕಡಿಮೆ ಮಾಡಿ. ಗಣ್ಯರ ಸಾಲಿನಲ್ಲಿ ಕುರ್ಚಿ ಕಡಿಮೆ ಹಾಕಿ. ತಾಲೂಕಿನ ಪ್ರತಿ ಶಾಲೆಯಿಂದ ಒಂದು ಮಗು ಬಂದು ಪೈಗಳ ಹತ್ತು ಸಾಲನ್ನು ಬಾಯಿಪಾಠ ಹೇಳಲಿ, ಕನ್ನಡ ಮಾಧ್ಯಮದ್ದಾದರೂ ಸರಿ, ಮಲಯಾಳ ಮಾಧ್ಯಮದ್ದಾದರೂ ಸರಿ. ಬರುವ ಮಾರ್ಚಿಗೆ ತಾವಿಬ್ಬರೂ ಬನ್ನಿ, ಮಕ್ಕಳ ಎದುರು ಕುಳಿತು ಕೇಳಿ. ಮಕ್ಕಳನ್ನು ತಯಾರು ಮಾಡುವ ಕೆಲಸವನ್ನು ನಾನು ಮತ್ತು ನನ್ನಂಥ ನಾಲ್ಕೈದು ನಿವೃತ್ತ ಅಧ್ಯಾಪಕರು ಸಂಬಳವಿಲ್ಲದೆ ಮಾಡುತ್ತೇವೆ. ಕೆಂಪು ಪೆನ್ನಿನಿಂದ ತಿದ್ದಿದ ಆ ಜೆರಾಕ್ಸ್ ಕಟ್ಟು ಸಿದ್ಧವಾಗಿದೆ. ಅದರ ಜಾಗದಲ್ಲಿ ನಿಜವಾದ ಪುಸ್ತಕ ಇರುವ ಹಾಗೆ ಮಾಡುವುದು ತಮ್ಮ ಕೈಯಲ್ಲಿದೆ.

ನಾನು ಮೊದಲಿಗೆ ಹೇಳಿದ 1969ರ ಕಾಯ್ದೆ, ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಬರೆದ ಪತ್ರಕ್ಕೆ ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಬೇಕೆಂದು ಹೇಳುತ್ತದೆ. ತಿರುವನಂತಪುರದಿಂದ ಮತ್ತು ಬೆಂಗಳೂರಿನಿಂದ ಬರುವ ಎರಡು ಕನ್ನಡ ಉತ್ತರಗಳಿಗಾಗಿ ಕಾಯುತ್ತಿರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ